ಭಾನುವಾರ ಕದ್ದ ನೀರುನಾಯಿ

ಕಾಫಿ ಕುಡಿಯುತ್ತಾ ಇದನ್ನು ಓದುತ್ತಿದ್ದರೆ ದಯವಿಟ್ಟು ಲೋಟ ಕೆಳಗಿಡಿ. ಶಿವರಾತ್ರಿ ಕಳೆದು ಬಿಸಿಲು ಏರಿದ ಮೊದಲ ವಾರ, ಸರಸ್ವತಿಪುರಂನ ನಮ್ಮ ಮನೆಯ ತಾರಸಿಯ ಮೇಲೆ ಅರಳು ಸಂಡಿಗೆಯ ಪಕ್ಕದಲ್ಲಿ ನೀರುನಾಯಿಯ ಹಿಕ್ಕೆ ಒಣಗುತ್ತಿತ್ತು.

ಹೌದು, ಸರಿಯಾಗಿಯೇ ಓದಿದಿರಿ. ಹಿಕ್ಕೆ. (ಇದಕ್ಕಿಂತ ಮರ್ಯಾದಸ್ಥ ಪದ ನನಗೆ ಸಿಗಲಿಲ್ಲ. ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ಇಂಥ ಸಂದರ್ಭಕ್ಕೆಂದು ಯಾವ ಪದವನ್ನೂ ಕಲಿಸಿರಲಿಲ್ಲ.)

ಒಂದು ಕಡೆ ಹಳೆಯ ಪಂಚೆಯ ಮೇಲೆ ನನ್ನ ಸಂಡಿಗೆ. ಬೂದುಗುಂಬಳ ತುರಿದು, ಹಿಂಡಿ, ಅರಳು ಕಲಸಿ, ಸೊಂಟ ಹಿಡಿದುಕೊಂಡು ಇಟ್ಟದ್ದು. ಅದರ ಪಕ್ಕ ಹಳೆಯ ಪೇಪರಿನ ಮೇಲೆ, ನಾಲ್ಕು ಮೂಲೆಗೂ ಕಲ್ಲು ಹೇರಿಸಿಕೊಂಡು, ಕಪ್ಪು ಕಪ್ಪು ಉಂಡೆಗಳು. ಬಿಸಿಲಿಗೆ ಅವುಗಳಲ್ಲಿ ಏನೋ ಮಿನುಗುತ್ತಿತ್ತು. ಆಮೇಲೆ ಗೊತ್ತಾಯಿತು, ಮೀನಿನ ಹುರುಪೆ.

ಕಾಗೆ ಓಡಿಸಲು ನಮ್ಮ ಅತ್ತೆ ಮೇಲೆ ಹೋದರು. ಅತ್ತೆಗೆ ಒಂದು ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಅಂದರೆ ಭಯ. ಸಂಡಿಗೆಯನ್ನೆಲ್ಲ ಒಂದೊಂದಾಗಿ ಮಗುಚಿದರು. ಅದೇ ಹುರುಪಿನಲ್ಲಿ ಪಕ್ಕದ್ದನ್ನೂ ಮಗುಚಿದರು. ಸೊಸೆ ಯಾವುದೋ ಹೊಸ ನಮೂನೆಯ ಬಾಳಕ ಮಾಡಿದ್ದಾಳೆ ಎಂದುಕೊಂಡರಂತೆ. ಒಣಗಿದೆಯೋ ಇಲ್ಲವೋ ನೋಡಬೇಕಲ್ಲ? ಒಂದನ್ನು ತೆಗೆದು, ಮುರಿದು, ಮೂಗಿನ ಹತ್ತಿರ ಹಿಡಿದರು.

"ಗಿರಿಜಾ! ಏನೇ ಇದು? ಮೀನಿನ್ ವಾಸ್ನೆ ಬತ್ತದಲ್ಲೇ! ಲಿಂಗಪೂಜೆ ಮಾಡೋ ಮನೇಲಿ ಮೀನಾ?"

ನಾನು ಮೆಟ್ಟಿಲು ಹತ್ತುವಷ್ಟರಲ್ಲಿ ನಮ್ಮನೆಯವರು ನನ್ನನ್ನು ದಾಟಿಕೊಂಡು ಓಡಿದರು. ಹೆತ್ತ ತಾಯಿ ಕೈಯನ್ನು ಮೈಯಿಂದ ದೂರ ಹಿಡಿದು ನಿಂತಿದ್ದಾರೆ. ಮಗ ಯಾರ ಹತ್ತಿರ ಹೋಗಬೇಕು? ನೆಟ್ಟಗೆ ಪೇಪರಿನ ಹತ್ತಿರ ಹೋದರು. ಮಂಡಿಯೂರಿದರು.

"ಅಯ್ಯೋ ಅವ್ವಾ, ಎರಡು ಬಂಡೇದೂ ಮಿಕ್ಸ್ ಮಾಡ್ಬುಟ್ಯಲ್ಲ!"

ಅತ್ತೆ ತಲೆಗೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ಎರಡನೇ ಸಲ ಪೂಜೆಗೆ ಕೂತರು. ಮಗುಚಿದ ಕೈ ಎರಡಕ್ಕೂ ಒಂದೇ ಆದ್ದರಿಂದ ನನ್ನ ಸಂಡಿಗೆಯಷ್ಟೂ ಗೊಬ್ಬರದ ಗುಂಡಿಗೆ ಹೋಯಿತು. ಸಂಡಿಗೆಯ ಬಗ್ಗೆ ನಮ್ಮನೆಯವರ ಬಾಯಿಂದ ಒಂದು ಮಾತು? ಇಲ್ಲ. ನನ್ನ ಹುಬ್ಬಿನ ಪ್ಲಕ್ಕರ್ ತೆಗೆದುಕೊಂಡು (ಕೇಳದೆ), ಸಂಜೆಯವರೆಗೂ ಕೂತು, ಯಾವ ತುಣುಕು ಹೊಳೆಯ ಯಾವ ಬಂಡೆಯ ಮೇಲೆ ಸಿಕ್ಕದ್ದು ಎಂದು ಬೇರ್ಪಡಿಸಿದರು. ಬಾಚಣಿಗೆಯಲ್ಲಿ ಸಿಕ್ಕಿಕೊಂಡ ಕೂದಲು ಬಿಡಿಸುವಷ್ಟು ನಯವಾಗಿ.

ಅವರ ಆ ಬೆರಳುಗಳನ್ನು ನೋಡುತ್ತಾ ನಿಂತಾಗ ನನಗೆ ಖಾತ್ರಿಯಾಯಿತು. ನಮ್ಮ ಸಂಸಾರಕ್ಕೆ ಇನ್ನೊಬ್ಬಳು ಬಂದಿದ್ದಾಳೆ. ಅವಳಿಗೆ ಮೀಸೆ ಇದೆ. ಬಾಲವೂ ಇದೆ.

ಇದಕ್ಕೆಲ್ಲ ಮೂಲ ನಮ್ಮ ಡಾಕ್ಟರು. ಶುಗರ್ ಸ್ವಲ್ಪ ಜಾಸ್ತಿ ಇದೆ, ವಾಕಿಂಗ್ ಮಾಡಿ ಎಂದರು. ಬ್ಯಾಂಕಿನಲ್ಲಿ ಕುರ್ಚಿ ಬಿಟ್ಟು ಏಳದ ಮನುಷ್ಯ ಕುಕ್ಕರಹಳ್ಳಿ ಕೆರೆ ಸುತ್ತತೊಡಗಿದರು. ಅಲ್ಲಿ ಬೈನಾಕ್ಯುಲರ್ ಹಾಕಿಕೊಂಡ ಜನ ಸಿಕ್ಕರು. ಮೊದಲು ಹಕ್ಕಿ. ಹಕ್ಕಿಯ ಬಗ್ಗೆ ನನ್ನದೇನೂ ತಕರಾರಿರಲಿಲ್ಲ, ಹಕ್ಕಿ ನೋಡಿ ತಿಂಡಿ ಹೊತ್ತಿಗೆ ಮನೆಗೆ ಬರುತ್ತಿದ್ದರು. ಆ ಗುಂಪಿನಲ್ಲೇ ಶುಭಾ ಎಂಬ ಹುಡುಗಿ ಪರಿಚಯವಾದಳು. ಕಾವೇರಿಯ ನೀರುನಾಯಿಗಳ ಮೇಲೆ ರಿಸರ್ಚ್ ಮಾಡುತ್ತಿದ್ದಾಳೆ. ಮೊಪೆಡ್ ಏರಿ ಒಬ್ಬಳೇ ಹೊಳೆ ದಂಡೆ ಸುತ್ತುವ ಧೈರ್ಯಸ್ಥೆ. ಅವಳಿಗೆ ಸಹಾಯಕ್ಕೆ ಒಂದು ಜನ ಬೇಕಿತ್ತು. ನಮ್ಮನೆಯವರು ಕೈ ಎತ್ತಿದರು. ಅವಳ ಹಾಸ್ಟೆಲ್ಲಿನಲ್ಲಿ ಹಿಕ್ಕೆ ಒಣಹಾಕಲು ವಾರ್ಡನ್ ಬಿಡಲಿಲ್ಲವಂತೆ. ನಮ್ಮನೆಯವರು ಆಗಲೂ ಕೈ ಎತ್ತಿದರು.

ಶುಭಾಳ ಮೇಲೆ ನನಗೆ ಹೊಟ್ಟೆಕಿಚ್ಚು ಎಂದು ನಮ್ಮ ಪಕ್ಕದ ಮನೆಯವರು ತಿಳಿದಿದ್ದಾರೆ. ಮಗಳ ವಯಸ್ಸಿನವಳು, ಛೇ. ನನಗೆ ಹೊಟ್ಟೆಕಿಚ್ಚು ನೀರುನಾಯಿಯ ಮೇಲೆ. ಮತ್ಸರ ಮಹಾಪಾಪ ಎಂದು ನಮ್ಮ ಸಿಸ್ಟರ್ ಒಬ್ಬರು ಕಪ್ಪು ಹಲಗೆ ತುಂಬ ಬರೆಸುತ್ತಿದ್ದರು. ಗಂಡಸಿನ ಮೇಲೆ, ಹೆಂಗಸಿನ ಮೇಲೆ ಪಟ್ಟರೆ ಪಾಪ, ಸರಿ. ಪ್ರಾಣಿಯ ಮೇಲೆ ಪಟ್ಟರೂ ಲೆಕ್ಕಕ್ಕೆ ಬರುತ್ತದೆಯೇ?

ಅದು ಕದ್ದದ್ದೇನು ಎಂದು ಹೇಳಿದರೆ ನೀವೇ ತೀರ್ಪು ಕೊಡಬಹುದು.

ಭಾನುವಾರ ಬೆಳಿಗ್ಗೆ ಎಣ್ಣೆನೀರು ಆದ ಮೇಲೆ, ಎರಡನೇ ಕಾಫಿ ಹಿಡಿದುಕೊಂಡು ಅವರು ವೆರಾಂಡಕ್ಕೆ ಬರುತ್ತಿದ್ದರು. ನಾನು ಹುರುಳಿಕಾಯಿ ಹಾಕಿಕೊಂಡು ಕೂತಿರುತ್ತಿದ್ದೆ. ಅವರು ನಾರು ತೆಗೆಯುತ್ತಿದ್ದರು, ನಾನು ಹೆಚ್ಚುತ್ತಿದ್ದೆ. ನಾರು ತೆಗೆಯುವುದೂ ಅವರಿಗೆ ನೆಟ್ಟಗೆ ಬರುವುದಿಲ್ಲ, ಒಂದು ಕಡೆ ತೆಗೆದರೆ ಇನ್ನೊಂದು ಕಡೆ ಬಿಡುತ್ತಾರೆ. ನಾನು ಸುಮ್ಮನೆ ಮತ್ತೆ ತೆಗೆಯುತ್ತಿದ್ದೆ. ಆ ಒಂದು ಗಂಟೆ ನಮ್ಮ ಮಾತು. ಹೊಸ ಮ್ಯಾನೇಜರ್ ಸಿಡುಕ, ಎದುರುಮನೆಗೆ ಹೊಸ ಬಾಡಿಗೆದಾರರು, ಕೃಷ್ಣಮೂರ್ತಿಪುರಂನಲ್ಲಿರುವ ನನ್ನ ತಂಗಿಯ ಮಂಡಿನೋವು. ದೊಡ್ಡ ಮಾತೇನಲ್ಲ. ಆದರೆ ವಾರವಿಡೀ ನಾನು ಕೂಡಿಟ್ಟುಕೊಂಡಿರುತ್ತಿದ್ದ ಮಾತು. ಮದುವೆಯಾದಾಗಿನಿಂದ ಅವರು ನನ್ನ ಮುಖ ನೋಡಿಕೊಂಡು ಒಂದೇ ಸಮನೆ ಕೂರುತ್ತಿದ್ದದ್ದು ಆಗ ಮಾತ್ರ.

ಈಗ ಭಾನುವಾರ ಬೆಳಕು ಹರಿಯುವ ಮುಂಚೆ ಸ್ಕೂಟರ್ ಹೊರಡುತ್ತದೆ. ಹುರುಳಿಕಾಯಿಯನ್ನು ನಾನು ಶನಿವಾರವೇ ಹೆಚ್ಚಿಟ್ಟುಕೊಳ್ಳುತ್ತೇನೆ, ಒಬ್ಬಳೇ. ನಾರು ಎರಡೂ ಕಡೆ ಸರಿಯಾಗಿ ಬರುತ್ತದೆ. ಅದೇ ಬೇಜಾರು.

ಮಾತಿಲ್ಲವೇ ಎಂದರೆ ಇದೆ. ಊಟಕ್ಕೆ ಕೂತಾಗ ಇದೆ. ಎಲ್ಲ ನೀರುನಾಯಿಯದೇ.

"ಗೊತ್ತಾ ಗಿರಿಜಾ, ನಮ್ಮ ಕಾವೇರೀಲಿರೋದಕ್ಕೆ ಮೈ ಎಷ್ಟು ನುಣುಪು ಅಂದ್ರೆ, ನೀರಿಂದ ಮೇಲೆ ಬಂದ್ರೆ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತೆ."

ನಾನು ಸಾರು ಬಡಿಸಿದೆ.

"ಜೋಡಿ ಬಿಟ್ಟು ಇರೋದಿಲ್ಲ ಕಣೆ. ಗಂಡು, ಹೆಣ್ಣು, ಮರಿ, ಹೋದ ವರ್ಷದ ಮರಿ, ಎಲ್ಲ ಒಟ್ಟಿಗೆ. ಮೀನು ಹಿಡಿಯೋಕೂ ಒಟ್ಟಿಗೆ ಹೋಗ್ತವೆ. ಸಾಲಾಗಿ ನಿಂತು ಮೀನನ್ನ ದಡದ ಕಡೆ ಅಟ್ಟುತ್ತವೆ."

"ಓಹೋ. ಭಾನುವಾರನೂ ಒಟ್ಟಿಗೇ ಇರ್ತವಾ?" ಎಂದೆ.

ಅವರಿಗೆ ಚುಚ್ಚಲಿಲ್ಲ. "ದಿನಾ ಒಟ್ಟಿಗೇ," ಎಂದು ಖುಷಿಯಿಂದ ಹೇಳಿದರು.

"ಇನ್ನೊಂದು ಕೇಳು. ಆ ಗುಂಪಿಗೆಲ್ಲ ಯಜಮಾನಿ ಹೆಣ್ಣೇ. ಅವಳು ಹೊರಟರೆ ಎಲ್ಲ ಹೊರಡಬೇಕು, ಅವಳು ನಿಂತರೆ ಎಲ್ಲ ನಿಲ್ಲಬೇಕು. ಗಂಡು ಮೀನು ಹಿಡಿದು ತಂದು ಕೊಡುತ್ತೆ."

ಅತ್ತೆ ಅನ್ನ ಕಲಸುವುದನ್ನು ನಿಲ್ಲಿಸಿದರು. ಅವರು ಕಪಿಲೆಯ ದಂಡೆಯ ಹಳ್ಳಿಯವರು. "ಅದೇನ್ ದೊಡ್ಡದಾಗ್ ಹೊಗಳ್ತೀಯೋ? ನಮ್ಮೂರಾಗೆ ಬೆಸ್ತ್ರು ಅದ್ನ ಕಂಡ್ರೆ ಕಲ್ಲಲ್ಲಿ ಹೊಡೀತಿದ್ರು. ಬಲೇನೇ ಕಚ್ಚಿ ಹರ್ದು ಮೀನ್ ತಿಂದ್ಕೊಂಡು ಹೋಗೋವು. ಕಳ್ಳಮುಂಡೇವು."

ಅತ್ತೆ ನನ್ನ ಪಕ್ಷ ವಹಿಸಿದ ಅಪರೂಪದ ಗಳಿಗೆ ಅದು. ಅವತ್ತು ಅವರಿಗೆ ತುಪ್ಪ ಒಂದು ಚಮಚ ಜಾಸ್ತಿ ಬಿತ್ತು.

ನಮ್ಮನೆಯವರು ಆ ಯಜಮಾನಿಯನ್ನು ಗುರುತು ಹಿಡಿಯುವುದು ಹೇಗೆ ಗೊತ್ತೇ? ಅವಳ ಮೂಗಿನ ಮೇಲೆ ಒಂದು ಸಣ್ಣ ಗಾಯದ ಗೆರೆ. ನದಿಯ ಆಚೆಯಿಂದ, ಮಂಜಿನಲ್ಲಿ, ಒಂದೇ ಒಂದು ಸಲ ಕಂಡದ್ದಂತೆ. ನಾನು ದೇವರಾಜ ಮಾರ್ಕೆಟ್ಟಿನ ಹತ್ತಿರದ ಅಂಗಡಿಯಲ್ಲಿ ಮೂಗುಬೊಟ್ಟಿನ ಹರಳು ಬದಲಾಯಿಸಿಕೊಂಡು ಬಂದು ತಿಂಗಳಾಗಿತ್ತು. ಬಿಳಿಯದಿದ್ದದ್ದು ಕೆಂಪಾಗಿದೆ. ಒಂದು ಮೊಳ ದೂರದಿಂದ, ಟ್ಯೂಬ್‌ಲೈಟಿನ ಬೆಳಕಿನಲ್ಲಿ, ದಿನಕ್ಕೆ ಮೂರು ಹೊತ್ತು ಕಾಣುತ್ತದೆ. ಊಹೂಂ.

ಒಂದು ಶುಕ್ರವಾರ ಧೈರ್ಯ ಮಾಡಿ ಹೇಳಿಯೇಬಿಟ್ಟೆ. "ರೀ, ಈ ಸಲ ನಾನೂ ಬರ್ತೀನಿ."

"ಎಲ್ಲಿಗೆ?"

"ಹೊಳೆಗೆ."

"ನೀನಾ?" ಆ 'ನೀನಾ'ದಲ್ಲಿ ಕೋಪವಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ಬರೀ ಆಶ್ಚರ್ಯ. ಫ್ರಿಜ್ಜು ಬಾಯಿಬಿಟ್ಟು ನಾನೂ ಬರ್ತೀನಿ ಎಂದಿದ್ದರೂ ಅಷ್ಟೇ ಆಶ್ಚರ್ಯಪಡುತ್ತಿದ್ದರು. "ಅಲ್ಲಿ ಬಾತ್‌ರೂಮ್ ಕೂಡ ಇರಲ್ಲ ಕಣೆ. ಬಿಸಿಲು. ಮುಳ್ಳು. ಗಂಟೆಗಟ್ಟಲೆ ಸುಮ್ನೆ ಕೂತಿರಬೇಕು, ನಿನಗೆ ಬೇಜಾರಾಗುತ್ತೆ."

ಗಂಟೆಗಟ್ಟಲೆ ಸುಮ್ಮನೆ ಕೂರುವುದು ನನಗೆ ಹೊಸದೇ?

ಒಳಗಿನಿಂದ ಅತ್ತೆ ಕೂಗಿದರು. "ಕರ್ಕೊಂಡೋಗೋ! ಅವ್ಳೂ ನೋಡ್ಲಿ, ಅದೆಂಥಾ ರಂಭೆ ಅಂತ."

ಭಾನುವಾರ ನಾನು ಎದ್ದಾಗ ಹಾಲಿನವನೂ ಬಂದಿರಲಿಲ್ಲ. ಇಡ್ಲಿ, ಕಾಯಿಚಟ್ನಿ, ಮೇಲೊಂದಿಷ್ಟು ಮೊಸರನ್ನ. ಹೊರಡುವಾಗ ನಮ್ಮನೆಯವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಎಷ್ಟೋ ತಿಂಗಳ ಮೇಲೆ ಹಾಗೆ ನೋಡಿದ್ದು, ನನಗೆ ಒಂದು ಕ್ಷಣ ನಾಚಿಕೆಯೇ ಆಯಿತು.

"ಮಲ್ಲಿಗೆ ಹೂ ತೆಗಿ. ವಾಸನೆಗೆ ಓಡಿಹೋಗ್ತವೆ. ಪೌಡರ್ ಹಾಕಿದ್ದೀಯಾ? ಒರೆಸ್ಕೋ. ಬಳೆ ಬಿಚ್ಚಿಡು, ಝಣ್ ಝಣ್ ಅಂದ್ರೆ ಮುಗೀತು."

ಹೂ ಫ್ರಿಜ್ಜಿಗೆ ಹೋಯಿತು. ಪೌಡರ್ ಸೆರಗಿಗೆ ಹೋಯಿತು. ಬಳೆಗೆ ಕೈ ಹಾಕಿದ್ದೇ ತಡ, ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ಮುತ್ತೈದೆ ಕೈ ಬರಿದು ಮಾಡ್ಕೊಂಡು ಹೊಳೆಗೆ ಹೋಗ್ತಾಳಾ? ಬಿಡ್ತು ಅನ್ನೋ!"

"ಬಿಡ್ತು," ಎಂದರು ನಮ್ಮನೆಯವರು, ತಕ್ಷಣ. (ಬ್ಯಾಂಕ್ ಆಫೀಸರ್ ಆದರೂ ಕೆಲವಕ್ಕೆ ವಾದವಿಲ್ಲ.)

ಕೊನೆಗೆ ಎರಡು ಕೈಯ ಗಾಜಿನ ಬಳೆಗಳನ್ನೂ ಮೊಣಕೈಯತ್ತ ಸರಿಸಿ, ಅವರದೇ ಕರ್ಚೀಫುಗಳನ್ನು ಬಿಗಿಯಾಗಿ ಸುತ್ತಿ ಗಂಟು ಹಾಕಿದೆವು. ಮೂಳೆ ಮುರಿದುಕೊಂಡ ಪೇಷಂಟಿನಂತೆ ಸ್ಕೂಟರ್ ಹತ್ತಿದೆ. ಶ್ರೀರಂಗಪಟ್ಟಣ ದಾಟಿ, ಗದ್ದೆಯ ನಡುವಿನ ಏರಿ ಹಿಡಿದು ಹೋದರೆ ಶುಭಾ ಮೊಪೆಡ್ ನಿಲ್ಲಿಸಿಕೊಂಡು ಕಾಯುತ್ತಿದ್ದಳು.

"ಆಂಟೀ, ಕೈಗೆ ಏನಾಯ್ತು?"

"ಏನಿಲ್ಲಮ್ಮ. ನೀರುನಾಯಿಗೆ ನನ್ನ ಸೌಭಾಗ್ಯ ಕೇಳಿಸಬಾರದಂತೆ."

ಪಾಪ, ಅವಳೊಬ್ಬಳೇ ನಕ್ಕಳು.

ಹೊಳೆ ಚೆನ್ನಾಗಿತ್ತು. ಹೊಟ್ಟೆಕಿಚ್ಚಿನವಳಾದರೂ ಸುಳ್ಳು ಹೇಳಲಾರೆ. ಬೇಸಿಗೆಯ ನೀರು ಇಳಿದು ಬಂಡೆಗಳೆಲ್ಲ ಬೆನ್ನು ತೋರಿಸಿಕೊಂಡು ಮಲಗಿದ್ದವು. ನಡುವೆ ನಡುಗಡ್ಡೆಯಂಥ ಸಣ್ಣ ಸಣ್ಣ ಕುದುರು, ಅವುಗಳ ಮೇಲೆ ಜೊಂಡು. ದಡದ ಉದ್ದಕ್ಕೂ ಹೊಳೆಮತ್ತಿಯ ಮರಗಳು ಬೇರನ್ನು ನೀರಿಗೆ ಇಳಿಬಿಟ್ಟು ನಿಂತಿದ್ದವು. ಇಂಥ ಕಡೆಯೇ ನೀರುನಾಯಿ ಇರುವುದಂತೆ. ಮೀನಿಗೆ ಆಳದ ಮಡು ಬೇಕು, ಮೈ ಒಣಗಿಸಲು ಮರಳು ಬೇಕು, ಮರಿ ಬಚ್ಚಿಡಲು ಬೇರಿನ ಸಂದು ಬೇಕು. ಮೂರರಲ್ಲಿ ಒಂದು ತಪ್ಪಿದರೂ ಮನೆ ಬದಲಾಯಿಸುತ್ತವೆ. ದೂರದಲ್ಲಿ ಮರಳು ತುಂಬುವ ಲಾರಿಯ ಗುರುಗುಟ್ಟುವಿಕೆ ಕೇಳುತ್ತಿತ್ತು. ಆ ಸದ್ದು ಬಂದಾಗಲೆಲ್ಲ ಶುಭಾ ಹಲ್ಲು ಕಚ್ಚುತ್ತಿದ್ದಳು.

ಒಂದು ಬಂಡೆಯ ಮುಂದೆ ನಮ್ಮನೆಯವರು ಮಂಡಿಯೂರಿದರು. "ಇಲ್ಲಿ ನೋಡು, ಇದು ಅವುಗಳ ನೋಟೀಸ್ ಬೋರ್ಡು. ಇಡೀ ಕುಟುಂಬ ಒಂದೇ ಜಾಗಕ್ಕೆ ಬಂದು ಹೋಗುತ್ತೆ. ಬೇರೆ ನೀರುನಾಯಿ ಬಂದು ಮೂಸಿದರೆ ಇಲ್ಲಿ ಯಾರಿದ್ದಾರೆ, ಎಷ್ಟು ಹೊತ್ತಾಯ್ತು ಎಲ್ಲ ಗೊತ್ತಾಗುತ್ತೆ." ಹೇಳುತ್ತಾ ಬಗ್ಗಿ ಮೂಸಿದರು. ಸಂತೋಷದಿಂದ ತಲೆಯಾಡಿಸಿದರು.

ಬಚ್ಚಲು ಉಜ್ಜುವ ಬ್ರಷ್ಷು ಮನೆಯಲ್ಲಿ ಎಲ್ಲಿದೆ ಎಂದು ಗೊತ್ತಿಲ್ಲದ ಮನುಷ್ಯ!

ಆಮೇಲೆ ಶುಭಾ ವಿಷಯ ಹೇಳಿದಳು. ಈ ಕುಟುಂಬ ಈ ಸಲ ಮರಿ ಹಾಕಿದೆಯೋ ಇಲ್ಲವೋ ಅವಳಿಗೆ ಗೊತ್ತಾಗಬೇಕಿತ್ತು. ಹಾಕಿದ್ದರೆ ಈಗ ಮರಿಗಳು ಹೊರಬರುವ ಸಮಯ. ಬಿಲ ಎಲ್ಲಿದೆ ಎಂದು ತಿಂಗಳುಗಳಿಂದ ಹುಡುಕುತ್ತಿದ್ದಳು. "ಮರಿ ಇದ್ರೆ ಈ ಪಾತ್ರದಲ್ಲಿ ಮರಳು ತೆಗೀಬೇಡಿ ಅಂತ ಕೇಳೋಕೆ ನನಗೊಂದು ಆಧಾರ ಸಿಗುತ್ತೆ ಆಂಟಿ. ಬರೀ ಹಿಕ್ಕೆ ತೋರಿಸಿದ್ರೆ ಆಫೀಸಿನಲ್ಲಿ ನಗ್ತಾರೆ."

ಇಬ್ಬರೂ ಹೊಳೆಯ ಮೇಲ್ಗಡೆಗೆ, ಬಂಡೆ ಹಾರಿಕೊಂಡು ಹೋಗಬೇಕಿತ್ತು. ನಮ್ಮನೆಯವರು ನನ್ನ ಸೀರೆ ನೋಡಿದರು, ಚಪ್ಪಲಿ ನೋಡಿದರು.

"ನೀನು ಇಲ್ಲೇ ನೆರಳಲ್ಲಿ ಕೂತಿರು. ಬ್ಯಾಗ್ ನೋಡ್ಕೋ."

ನಾನು ನೀರುನಾಯಿ ನೋಡಲು ಬಂದವಳು. ಬ್ಯಾಗ್ ನೋಡಿಕೊಳ್ಳುತ್ತಾ ಕೂತೆ.

ಬೈನಾಕ್ಯುಲರ್ ಅವರ ಕೊರಳಲ್ಲಿ ಹೋಯಿತು. ನನ್ನ ಹತ್ತಿರ ಉಳಿದದ್ದು ಇಡ್ಲಿ ಡಬ್ಬ, ಫ್ಲಾಸ್ಕು, ಮತ್ತು ಕಾನ್ವೆಂಟಿನ ಅಭ್ಯಾಸ. ಮಾರಲ್ ಸೈನ್ಸ್ ಕ್ಲಾಸಿನಲ್ಲಿ ಕೈಕಟ್ಟಿ, ಬೆನ್ನು ನೆಟ್ಟಗೆ ಮಾಡಿ, ಮೂಗಿನ ಮೇಲೆ ನೊಣ ಕೂತರೂ ಅಲ್ಲಾಡದೆ ಕೂರುವುದನ್ನು ಸಿಸ್ಟರ್ ಕಲಿಸಿದ್ದರು. ಹಾಗೇ ಕೂತೆ. ಅಳು ಬರುತ್ತಿತ್ತು, ಅದಕ್ಕೂ ಅಲ್ಲಾಡಲಿಲ್ಲ.

ಮೊದಲು ಕೇಳಿಸಿದ್ದು ಸದ್ದು. ತೊಳೆದ ಸ್ಟೀಲ್ ತಟ್ಟೆಯ ಮೇಲೆ ಒದ್ದೆ ಬೆರಳು ಎಳೆದರೆ ಕೀಚ್ ಎನ್ನುತ್ತದಲ್ಲ, ಹಾಗೆ. ಮತ್ತೆ ಒಂದು ಸಲ. ಎದುರಿನ ಕುದುರಿನ ಪಕ್ಕ, ನೀರಿನಲ್ಲಿ ಚೊಂಬು ಬೋರಲು ಹಾಕಿದ ಹಾಗೆ ಒಂದು ತಲೆ ಎದ್ದಿತು. ಅದರ ಹಿಂದೆ ಇನ್ನೊಂದು.

ಮೊದಲನೆಯದು ಮರಳಿನ ಮೇಲೆ ಬಂತು, ಇನ್ನೊಂದು ಮತ್ತೆ ಮುಳುಗಿತು. ಮೈ ಪೂರ್ತಿ ಕಂದು. ನಾಲ್ಕು ಗಿಡ್ಡ ಕಾಲು, ಬೆರಳುಗಳ ನಡುವೆ ಚರ್ಮ. ಬಾಲದ ಬುಡ ದಪ್ಪ, ಹೋಗುತ್ತಾ ಹೋಗುತ್ತಾ ಚಪ್ಪಟೆ. ನಾನೂ ಅವಳೂ ಒಂದು ಸಣ್ಣ ಕಾಲುವೆಯಷ್ಟು ನೀರಿನ ಆಚೆ ಈಚೆ. ಬೈನಾಕ್ಯುಲರ್ ಬೇಕಾಗಲಿಲ್ಲ. ಮೂಗಿನ ಮೇಲಿನ ಗೆರೆ ಕಾಣುತ್ತಿತ್ತು.

ಓ, ನೀನೇನಾ!

ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತದೆ ಎಂದಿದ್ದರಲ್ಲ, ನಿಜ. ಅದಕ್ಕೂ ಸಿಟ್ಟು ಬಂತು.

ಅವಳು ಬೇರೆತ್ತಲೋ ತಿರುಗಿ ಆ ಕೀಚು ಸದ್ದು ಮಾಡಿದಳು. ಒಂದೇ ಸಲ. ಜೊಂಡಿನ ಒಳಗಿಂದ ಮರಿಗಳು ಬಂದವು. ಮೂರು. ನಾನು ಮನೆಯಲ್ಲಿ ಕಾಫಿ ಎಂದು ಎಷ್ಟು ಸಲ ಕೂಗಬೇಕು ಎಂದು ನಿಮಗೆ ಗೊತ್ತೇ? ಅವಳು ಒಂದೇ ಸಲ ಕರೆದಳು, ಮೂರೂ ಎದ್ದುಬಿದ್ದು ಓಡಿಬಂದವು. ಮರಳಿನಲ್ಲಿ ಅಂಗಾತ ಬಿದ್ದು, ಬೆನ್ನು ಉಜ್ಜಿಕೊಂಡು, ಹೊಟ್ಟೆ ಉಜ್ಜಿಕೊಂಡು, ಒಂದರ ಮೇಲೊಂದು ಉರುಳಾಡಿದವು. ಟವೆಲ್ ಹಿಡಿದು ಬಂದ ತಾಯಿಯ ಕೈಗೆ ಸಿಗದ ಮಕ್ಕಳು ಹಾಸಿಗೆಯ ಮೇಲೆ ಉರುಳಾಡುತ್ತವಲ್ಲ, ಹಾಗೆಯೇ.

ಆಮೇಲೆ ಗಂಡು ಬಂತು, ಬಾಯಲ್ಲಿ ಮೀನು ಕಚ್ಚಿಕೊಂಡು. ಅವಳು ಥ್ಯಾಂಕ್ಸ್ ಹೇಳುವ ಗೋಜಿಗೇ ಹೋಗಲಿಲ್ಲ. ಕಿತ್ತುಕೊಂಡಳು. ಮುಂಗೈ ಎರಡರಲ್ಲೂ ಹಿಡಿದು ತಲೆಯ ಕಡೆಯಿಂದ ಕರುಂ ಕರುಂ ಎಂದು ಕಡಿದಳು, ಹಪ್ಪಳ ತಿಂದ ಹಾಗೆ. ಅರ್ಧ ಮರಿಗಳಿಗೆ ಬಿಟ್ಟಳು. ಗಂಡು ಒಂದು ಕ್ಷಣ ಅವಳ ಮುಖ ನೋಡಿ, ಮತ್ತೆ ನೀರಿಗಿಳಿಯಿತು. ಇನ್ನೊಂದು ತರಲು.

ನೋಡಿ ಕಲಿಯಬೇಕಾದವರು ಮೇಲ್ಗಡೆಯ ಬಂಡೆಯ ಹಿಂದೆ ಇದ್ದರು.

ನೀರುನಾಯಿಯ ಮರಿಗೆ ಹುಟ್ಟುತ್ತಲೇ ಈಜು ಬರುವುದಿಲ್ಲ, ನೀರೆಂದರೆ ಹೆದರುತ್ತವೆ ಎಂದು ಊಟದ ಹೊತ್ತಿನಲ್ಲಿ ಕೇಳಿದ್ದೆ. ನಂಬಿರಲಿಲ್ಲ. ಕಣ್ಣಾರೆ ಕಂಡೆ. ಮೂರರಲ್ಲಿ ಚಿಕ್ಕದೊಂದು ನೀರಿನ ಅಂಚಿಗೆ ಬಂದು ಒಂದು ಕಾಲು ಅದ್ದಿ ಹಿಂದೆ ಎಳೆದುಕೊಂಡಿತು. ಮತ್ತೆ ಅದ್ದಿತು, ಮತ್ತೆ ಎಳೆದುಕೊಂಡಿತು. ತಾಯಿ ಹಿಂದಿನಿಂದ ಬಂದು ಕತ್ತಿನ ಚರ್ಮ ಕಚ್ಚಿ ಎತ್ತಿ ನೀರಿಗೆ ಹಾಕಿಯೇಬಿಟ್ಟಳು. ಮರಿ ಕಿರುಚಿದ್ದು ಎಂಥದು! ಅವಳ ಬೆನ್ನು ಹತ್ತಿ ಕೂತಿತು. ಅವಳು ಮುಳುಗಿದಳು. ಬೇರೆ ದಾರಿಯಿಲ್ಲದೆ ಅದು ಕೈಕಾಲು ಬಡಿಯಿತು. ಬಡಿಯುತ್ತಾ ಬಡಿಯುತ್ತಾ ತೇಲಿತು. ಅವಳು ಪಕ್ಕದಲ್ಲೇ ಎದ್ದಳು. ದೂರ ಹೋಗಿರಲೇ ಇಲ್ಲ.

ಹೊಟ್ಟೆಕಿಚ್ಚು ಆಗ ಎಲ್ಲಿ ಹೋಗಿತ್ತೋ ಗೊತ್ತಿಲ್ಲ. ನಾನು ಬಾಯಿ ಮುಚ್ಚಿಕೊಂಡು ಅಳುತ್ತಿದ್ದೆ, ಅಥವಾ ನಗುತ್ತಿದ್ದೆ.

ಅವಳು ಹಿಂಗಾಲ ಮೇಲೆ ನಿಂತಳು. ನನ್ನನ್ನು ನೋಡಿದಳು. ಸುಮ್ಮನೆ ಅಲ್ಲ, ಪೂರ್ತಿಯಾಗಿ ನೋಡಿದಳು. ಯಾರಿವಳು, ಎಲ್ಲಿಯವಳು, ಒಳ್ಳೆಯವಳೋ ಕೆಟ್ಟವಳೋ ಎಂದು ಅಳೆಯುವ ಹಾಗೆ. ಅಷ್ಟು ಗಮನವಿಟ್ಟು ನನ್ನನ್ನು ಯಾರಾದರೂ ನೋಡಿ ಎಷ್ಟು ಕಾಲವಾಗಿತ್ತು! ಆಮೇಲೆ ಮೂಗಿನಲ್ಲಿ ಒಂದು ಹುಸ್ ಎಂದಳು. ಎಲ್ಲರೂ ನೀರಿಗೆ. ಚಿಕ್ಕದನ್ನು ಮಾತ್ರ ಬಾಯಲ್ಲಿ ಕಚ್ಚಿಕೊಂಡು ಒಂದು ಮರದತ್ತ ಈಜಿದಳು. ಅದರ ಬೇರುಗಳ ನಡುವೆ, ನೀರಿನ ಮಟ್ಟದಿಂದ ಸ್ವಲ್ಪ ಮೇಲೆ, ಒಂದು ಕತ್ತಲ ಸಂದು. ಒಳಗೆ ಹೋದಳು. ಉಳಿದವೂ ಹೋದವು. ಮೀನು ತಂದ ಗಂಡು ಕೊನೆಗೆ ಹೋಯಿತು, ಮೀನಿನ ಸಮೇತ.

ನೀರಿನ ಮೇಲೆ ಸುಳಿ ಉಳಿಯಿತು. ಆಮೇಲೆ ಅದೂ ಇಲ್ಲ.

ಅವರಿಬ್ಬರೂ ಹಿಂತಿರುಗಿದಾಗ ಬಿಸಿಲು ಚುರುಗುಟ್ಟುತ್ತಿತ್ತು. ಪ್ಯಾಂಟು ಮೊಣಕಾಲವರೆಗೆ ಒದ್ದೆ, ಮುಖ ಬಾಡಿತ್ತು.

"ಇವತ್ತೂ ಇಲ್ಲ," ಎಂದು ನಮ್ಮನೆಯವರು ಬಂಡೆಯ ಮೇಲೆ ಕುಸಿದರು.

"ಮರಿ ಇಲ್ಲ ಅನ್ಸುತ್ತೆ ಸರ್," ಎಂದಳು ಶುಭಾ. ದನಿ ಸಣ್ಣಗಾಗಿತ್ತು. "ಇದ್ದಿದ್ರೆ ಇಷ್ಟು ದಿನಕ್ಕೆ ಕಾಣ್ಬೇಕಿತ್ತು."

ನಾನು ಬಾಯಿ ತೆರೆದೆ. ನಿಜವಾಗಿಯೂ ತೆರೆದೆ. ಹೇಳಬೇಕಾದದ್ದು ನಾಲಗೆಯ ತುದಿಯಲ್ಲಿತ್ತು.

"ಗಿರಿಜಾ, ಇಡ್ಲಿ ತೆಗಿ ಮೊದಲು. ತಲೆ ಸುತ್ತುತ್ತಿದೆ."

ಶುಗರ್ ಇರುವ ಮನುಷ್ಯ. ಇಡ್ಲಿ ತೆಗೆದೆ. ಚಟ್ನಿ ಹಾಕಿದೆ. ಶುಭಾ ನನ್ನ ಕಡೆ ತಿರುಗಿದಳು. "ಆಂಟಿ, ಒಬ್ಬರೇ ಕೂತು ಬೋರಾಯ್ತಾ?"

ಇದೀಗ ಸರಿಯಾದ ಸಮಯ ಎಂದುಕೊಂಡೆ. ಇಲ್ಲ ಮಗು, ಬೋರಾಗಲಿಲ್ಲ, ಯಾಕೆ ಗೊತ್ತಾ ಎಂದು ಶುರುಮಾಡಬೇಕು, ಅಷ್ಟರಲ್ಲಿ ನಮ್ಮನೆಯವರು ನನ್ನ ಪರವಾಗಿ ಉತ್ತರ ಕೊಟ್ಟುಬಿಟ್ಟರು.

"ಅವಳಿಗೆ ಇದರಲ್ಲೆಲ್ಲ ಇಂಟರೆಸ್ಟ್ ಇಲ್ಲಮ್ಮ. ಸುಮ್ನೆ ನಮ್ಮ ಜೊತೆ ಬಂದಿದ್ದಾಳೆ ಅಷ್ಟೆ."

ಪ್ರೀತಿಯಿಂದಲೇ ಹೇಳಿದರು. ಇಡ್ಲಿ ಚಟ್ನಿಗೆ ಅದ್ದುತ್ತಾ ಹೇಳಿದರು. ಅದಕ್ಕೇ ಹೆಚ್ಚು ನೋವಾಯಿತು.

ನಾನು ಇನ್ನೊಂದು ಇಡ್ಲಿ ಬಡಿಸಿದೆ. ನೀನೇನಾದರೂ ಕಂಡೆಯಾ ಎಂದು ಇಬ್ಬರಲ್ಲಿ ಒಬ್ಬರೂ ಕೇಳಲಿಲ್ಲ. ದಾರಿಯಲ್ಲಿ ಕೇಳಲಿಲ್ಲ. ಮನೆಗೆ ಬಂದ ಮೇಲೂ ಕೇಳಲಿಲ್ಲ. ಅತ್ತೆ ಕೇಳಿದರು. "ಎಂಗಿದ್ಲೇ ರಂಭೆ?" ಅವರ ಕಿವಿಯಲ್ಲಿ ಎಲ್ಲ ಹೇಳಿದೆ. ಅತ್ತೆ ಕಣ್ಣರಳಿಸಿದರು. "ಮೂರ್ ಮರೀನಾ? ಅವನ್ಗೆ ಹೇಳ್ದ್ಯಾ?" ಇಲ್ಲ ಎಂದೆ. "ಹೇಳ್ಬೇಡ ಬುಡು. ಕೇಳ್ಲಿ ಅವ್ನೇ," ಎಂದು ಬತ್ತಿ ಹೊಸೆಯಲು ಕೂತರು.

ಆ ರಾತ್ರಿಯಿಂದ ನನಗೊಂದು ವಿಚಿತ್ರ ಸುಖ. ಊಟದ ಹೊತ್ತಿನಲ್ಲಿ ಅವರು ನೀರುನಾಯಿಯ ವಿಷಯ ಹೇಳುತ್ತಾರೆ, ನಾನು ಹೂಂ ಎನ್ನುತ್ತೇನೆ. ಮರಿ ಇಲ್ಲ ಎಂದು ಕೊರಗುತ್ತಾರೆ, ನಾನು ಪಲ್ಯ ಬಡಿಸುತ್ತೇನೆ. ಈಗ ಹೊಟ್ಟೆಕಿಚ್ಚು ಪಡಬೇಕಾದವರು ಯಾರು ಎಂದು ಒಳಗೊಳಗೇ ನಗುತ್ತೇನೆ. ಆದರೆ ಮಂಗಳವಾರದ ಹೊತ್ತಿಗೆ ಆ ಸುಖ ಹುಳಿಯಾಗತೊಡಗಿತು. ಶುಭಾಳ ಆ ಸಣ್ಣ ದನಿ ನೆನಪಾಗುತ್ತದೆ. ಮರಳಿನ ಲಾರಿಯ ಸದ್ದು ನೆನಪಾಗುತ್ತದೆ. ನನ್ನ ಸಿಟ್ಟು ನಮ್ಮನೆಯವರ ಮೇಲೆ. ಅದಕ್ಕೆ ಆ ಚಿಕ್ಕ ಮರಿ ಮನೆ ಕಳೆದುಕೊಳ್ಳಬೇಕೇ?

ಆದ್ದರಿಂದ ಪೇಪರಿನ ಈ ವಾರದ ಅಂಕಣದಲ್ಲೇ ಬರೆಯುತ್ತಿದ್ದೇನೆ. ಶುಭಾ, ಮರಿ ಇದೆ ಮಗು. ಮೂರು. ಗುಂಡಗಿವೆ. ಒಂದಕ್ಕೆ ಇನ್ನೂ ನೀರಿನ ಭಯ ಹೋಗಿಲ್ಲ. ಬಿಲವೂ ಇದೆ. ಯಾವ ಮರದ ಕೆಳಗೆ ಎಂದು ಇಲ್ಲಿ ಬರೆಯಲಾರೆ. ಚರ್ಮಕ್ಕೆ ಹಿಡಿಯುವವರೂ, ಮಡುವಿಗೆ ಸಿಡಿಮದ್ದು ಎಸೆಯುವವರೂ ಪೇಪರ್ ಓದುತ್ತಾರೆ. ಅದನ್ನು ನನ್ನ ಹತ್ತಿರ ಬಂದು ಬಾಯಲ್ಲೇ ಕೇಳಬೇಕು.

ಇದು ಅಚ್ಚಾಗುವುದು ಶನಿವಾರ. ನಮ್ಮನೆಯವರು ನನ್ನ ಅಂಕಣವನ್ನು ತಪ್ಪದೆ ಓದುತ್ತಾರೆ, ಹಲ್ಲುಜ್ಜುವ ಮುಂಚೆಯೇ. ಕಾಗುಣಿತದ ತಪ್ಪಿದ್ದರೆ ಹೇಳುತ್ತಾರೆ. ಈ ಹೊತ್ತಿಗೆ ಈ ಸಾಲಿಗೆ ಬಂದಿರಬೇಕು. ಅಡುಗೆಮನೆಯಲ್ಲಿ ನಿಂತು ನಾನು ಪೇಪರ್ ಮಡಿಸುವ ಸದ್ದಿಗೆ ಕಿವಿಗೊಟ್ಟಿದ್ದೇನೆ.

ರೀ, ನಾಳೆ ಹೊಳೆಗೆ ನನ್ನನ್ನು ನೀವಾಗಿಯೇ ಕರೆಯುತ್ತೀರೋ, ಇಲ್ಲ ಶುಭಾಳ ಮೊಪೆಡ್ಡಿನ ಹಿಂದೆ ಕೂತು ನಾನೇ ಹೋಗಲೋ?